ಹಸಿರು ದೀಪದ ಹೊತ್ತು

ಗಂಡ ತೀರಿಹೋದಮೇಲೆ ಅವನ ಪ್ರಯೋಗದ ಕತ್ತಲೆ ಕೋಣೆಗೆ ನಾನು ಕಾಲಿಡಲಿಲ್ಲ. ಗಿಡಗಳು ಒಣಗಬಾರದೆಂದು ಗೋಡೆಯಾಚೆಯಿಂದಲೇ, ಅವನ ಹೊತ್ತಿಗೇ, ಕೊಳವೆಯಲ್ಲಿ ನೀರು ಬಿಟ್ಟೆ. ಒಳಗಿನ ಕ್ಯಾಮೆರಾ ಕತ್ತಲಲ್ಲೇ ತೆಗೆಯುವ ಚಿತ್ರಗಳನ್ನು ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಿದ್ದೆ. ಕೂತು ಎಂದರೆ ಸುಳ್ಳು. ಕುರ್ಚಿಯಲ್ಲಿ ಒಂದು ಗಳಿಗೆಯೂ ಕೂರಲಾಗುತ್ತಿರಲಿಲ್ಲ.

ಬೀನ್ಸ್ ಗಿಡದ ಎಲೆ ಹಗಲು ಏಳುತ್ತದೆ, ಇರುಳು ಜೋಲುತ್ತದೆ. ಬೆಳಕೇ ಇಲ್ಲದ ಕಡೆಯೂ ಎಲ್ಲ ಗಿಡಗಳೂ ವಾರಗಟ್ಟಲೆ ಹೊತ್ತು ತಪ್ಪದೆ ಒಟ್ಟಿಗೇ ಏಳುತ್ತವೆ ಎಂದು ತೋರಿಸಿದವನು ಅವನು. ಅವನ ಒಂದೇ ಪ್ರಬಂಧ ಅದು. ಅದನ್ನು ನೆಚ್ಚಿ ನಮ್ಮಿಬ್ಬರ ಮೇಷ್ಟ್ರು ಪುಸ್ತಕವನ್ನೇ ಬರೆದಿದ್ದರು.

ಈಗ ಎಲೆಗಳು ದಿಕ್ಕೆಟ್ಟಿದ್ದವು. ಒಂದು ಏಳುವಾಗ ಇನ್ನೊಂದು ಮಲಗುತ್ತಿತ್ತು. ಬದಲಾದದ್ದು ಒಂದೇ: ದಿನಾ ಬೆಳಿಗ್ಗೆ ಹಸಿರು ದೀಪ ಹಿಡಿದು ನೀರು ಹಾಕುತ್ತಿದ್ದವನು ಇರಲಿಲ್ಲ. ಹಸಿರು ಬೆಳಕು ಗಿಡಕ್ಕೆ ತಾಕುವುದಿಲ್ಲ ಎಂದೇ ನಾವೆಲ್ಲ ನಂಬಿದ್ದೆವು.

"ಸುಮ್ಮನಿದ್ದರೆ ಅವನದು ತಪ್ಪಂತ ಯಾರಿಗೆ ಗೊತ್ತಾಗುತ್ತೆ?" ಎಂದರು ಅತ್ತೆ. ಮಗನ ಹೆಸರು ಉಳಿದಿರುವುದು ಆ ಪ್ರಬಂಧವೊಂದರಲ್ಲೇ.

"ಗಿಡಕ್ಕೆ ಗೊತ್ತಲ್ಲ ಅತ್ತೆ."

"ಗಿಡ ಹೋಗಿ ಚಾಡಿ ಹೇಳುತ್ತಾ?"

ಮೇಷ್ಟ್ರ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಮತ್ತೆ ಹೋದೆ. ಅವರೇ ಬಾಗಿಲು ತೆರೆದರು. "ಒಳಗೆ ಬಾಮ್ಮ, ಹೊಸ್ತಿಲು ಸವೆಯುತ್ತೆ."

ಚಹಾ ಕೊಟ್ಟು ಚಿತ್ರಗಳನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ನಗತೊಡಗಿದರು.

"ಗಿಡದೊಳಗೆ ಗಡಿಯಾರ ಇದೆ, ಸರಿ. ಅದಕ್ಕೆ ದಿನಾ ಕೀಲಿ ಕೊಡ್ತಿದ್ದವನು ನಮ್ಮ ಹುಡುಗ! ನಾನು ಊರೂರು ಸುತ್ತಿ ಕೊರೆದದ್ದೆಲ್ಲ ನೀರಲ್ಲಿ ಹೋಮ. ಹಸಿರು ಬೆಳಕು ತಾಕಲ್ಲ ಅಂತ ಅವನಿಗೆ ಕಲಿಸಿದವನೇ ನಾನು. ನನ್ನದು ತಪ್ಪಾಯಿತು ಅಂತ ಬರೀತೀನಿ."

"ಅವನ ಹೆಸರು?"

"ಇದರಲ್ಲೂ ಇರುತ್ತೆ. ಅವನು ಬದುಕಿದ್ದಿದ್ದರೆ ಇದು ಯಾರಿಗೂ ಗೊತ್ತಾಗ್ತಿರಲಿಲ್ಲ." ಹೇಳಿ ನಾಲಿಗೆ ಕಚ್ಚಿಕೊಂಡರು.

ನನಗೇನೂ ಅನಿಸಲಿಲ್ಲ. ಲೋಟ ಕೈ ಸುಡುತ್ತಿದ್ದದ್ದು ಆಮೇಲೆ ತಿಳಿಯಿತು.

"ಆದರೆ ಖಾತ್ರಿಯಾಗಬೇಕು. ಮತ್ತೆ ಯಾರಾದರೂ ದೀಪ ಹಿಡಿದು ಹೋಗಬೇಕು, ದಿನಾ, ಅವನ ಹೊತ್ತಿಗೇ. ನಾನು ಹೋಗ್ತೀನಿ ಬಿಡು."

"ನಿಮ್ಮ ಕ್ಲಾಸಿಗೇ ನೀವು ಹೊತ್ತಿಗೆ ಸರಿಯಾಗಿ ಬಂದವರಲ್ಲ ಮೇಷ್ಟ್ರೇ."

ನಾನೇ ಹೋದೆ. ದೀಪದ ಹಿಡಿಗೆ ಅವನು ಸುತ್ತಿದ್ದ ಟೇಪು ಅಂಗೈಗೆ ಅಂಟಿತು. ನೀರು ಹಾಕಿ ಬಂದೆ. ಮರುದಿನವೂ. ಬರಬರುತ್ತಾ ಎಲೆಗಳು ಒಂದೊಂದಾಗಿ ಜೊತೆಗೂಡಿದವು.

ಫೋನ್ ಮಾಡಿದೆ. "ನಾವು ತಪ್ಪು, ಮೇಷ್ಟ್ರೇ."

"ಪೂರ್ತಿ?"

"ಪೂರ್ತಿ."

"ಭೇಷ್!"

ಅಲ್ಲಿಗೆ ಪ್ರಯೋಗ ಮುಗಿಯಿತು. ಮರುದಿನ ದೀಪದ ಹೊತ್ತಿಗೇ ಎಚ್ಚರವಾಯಿತು. ಮಂಚದಂಚಿನಲ್ಲಿ ಕೂತೆ, ಎದ್ದೆ, ಮತ್ತೆ ಕೂತೆ.

"ಇವತ್ತೂ ಹೋಗಬೇಕಾ?" ಎಂದರು ಅತ್ತೆ.

"ಇಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡೆ.