ಬಾರದ ಗ್ರಹಣ

ಗ್ರಹಣದ ಮೈಲಿಗೆ ಬೆಳಕು ತಾಗದಿರಲೆಂದು ಹೇಆನ್ ರಾಜಧಾನಿಯ ಅರಮನೆಗೆ ಸುತ್ತಿದ್ದ ಜೊಂಡಿನ ಚಾಪೆಗಳನ್ನು ಆಳುಗಳು ಬಿಚ್ಚತೊಡಗಿದರು. ಮಧ್ಯಾಹ್ನದ ಬಿಸಿಲು ನಿಚ್ಚಳವಾಗಿ ಒಳಕ್ಕೆ ಬಂತು. ಸೂರ್ಯನಿಗೆ ಒಂದು ಕಲೆಯೂ ತಾಗಿರಲಿಲ್ಲ.

ಗ್ರಹಣ ತಡೆಯುವ ಜಪಕ್ಕೆ ಮುಂಜಾನೆಯಿಂದ ಕೂತಿದ್ದ ಮುದಿ ಭಿಕ್ಷು ಜೊಶುನ್‌ಗೆ ಏಳಲು ಮಂಡಿ ಒಪ್ಪಲಿಲ್ಲ. ಜಪದ ನಡುವೆಯೇ ಅವನಿಗೆ ನಿದ್ದೆ ಹತ್ತಿಬಿಟ್ಟಿತ್ತು. ಪಂಚಾಂಗದಲ್ಲಿ ಬರೆದ ಗ್ರಹಣ ಬರದೇ ಹೋದದ್ದು ಇದೇ ಮೊದಲಲ್ಲ. ಪ್ರತಿ ಸಲವೂ ಅರಮನೆಯವರು ಅವನ ಜಪದ ಬಲವನ್ನೇ ಕೊಂಡಾಡುತ್ತಿದ್ದರು. ಕೇಳಿ ಕೇಳಿ ಅವನಿಗೆ ಸಾಕಾಗಿತ್ತು.

ಅಂತಃಪುರದ ಹಿರಿಯ ಹೆಂಗಸು ಓಮಿ ನೇರಳೆ ರೇಷ್ಮೆಯ ನಿಲುವಂಗಿ ತಂದಳು. "ಮಹಾಪ್ರಭುಗಳು ಕೊಡ್ಸಿದಾರೆ ಸ್ವಾಮಿ. ಸೂರ್ಯನ್ನೇ ಕಾಪಾಡ್ಬಿಟ್ರಲ್ಲ!"

"ನಾನೇನೂ ಮಾಡ್ಲಿಲ್ಲಮ್ಮ. ವಾಪಸ್ ತಗೊಂಡ್ಹೋಗಿ."

"ದೊಡ್ಡೋರು ಹೀಗೇ ಹೇಳೋದು," ಎಂದು ನಕ್ಕ ಓಮಿ, ಅವನು ಮನಸ್ಸು ಬದಲಿಸಲಿ ಎಂದು ಜಗಲಿಯ ತುದಿಗೆ ಹೋಗಿ ನಿಂತಳು.

ಕಂಬದ ಮರೆಯಲ್ಲಿ ಕಾದಿದ್ದ ಪಂಚಾಂಗದ ಅಧಿಕಾರಿ ತೊಕಿನಾರಿ ಓಡಿಬಂದ. ಮುಖ ಬಿಳಿಚಿಕೊಂಡಿತ್ತು.

"ಇಸ್ಕೊಳ್ಳಿ ಸ್ವಾಮಿ, ನಿಮ್ಮ ದಮ್ಮಯ್ಯ."

"ನಿದ್ದೆ ಹೊಡೀತಿದ್ದೆ ಕಣಯ್ಯ. ಗೊರಕೆ ಕೇಳ್ಲಿಲ್ವಾ?"

"ಕೇಳಿಸ್ತು. ಆದ್ರೆ ಗ್ರಹಣ ನಿಮ್ಮಿಂದ ತಪ್ಪಲಿಲ್ಲ ಅಂದ್ರೆ ನನ್ನ ಲೆಕ್ಕ ತಪ್ಪು ಅಂತಾಗುತ್ತೆ. ಯಾವ್ದೋ ದ್ವೀಪಕ್ಕೆ ಅಟ್ತಾರೆ."

"ತಪ್ಪೇ ತಾನೇ?"

"ತಪ್ಪೇ. ತಾತನ ಕಾಲ್ದಿಂದ್ಲೂ ತಪ್ತಾನೇ ಇದೆ. ಸಮುದ್ರದಾಚೆಯಿಂದ ಬಂದ ಹಳೇ ಸೂತ್ರಗಳು. ಬದಲಾಯ್ಸಿ ಅಂದ್ರೆ ಯಾರೂ ಕಿವಿಗೆ ಹಾಕ್ಕೊಳಲ್ಲ. ಅದಕ್ಕೇ ಅನುಮಾನ ಬಂದಿದ್ದನ್ನೆಲ್ಲ ಗ್ರಹಣ ಅಂತ ಬರೆದ್ಬಿಡ್ತೀನಿ. ಅದು ಬರ್ದೇ ಹೋದ್ರೆ ನೀವಿದೀರಿ. ಹೇಳ್ದೇ ಬಂದ್ಬಿಟ್ರೆ ನನ್ನ ಯಾರು ಕಾಯ್ತಾರೆ?"

ಜೊಶುನ್‌ಗೆ ಸಿಟ್ಟು ಬರಬೇಕಿತ್ತು. ಅದಕ್ಕೂ ಮೈಯಲ್ಲಿ ಕಸುವಿರಲಿಲ್ಲ. ತೊಕಿನಾರಿಯ ಕಣ್ಣ ಕೆಳಗಿನ ಕಪ್ಪು ಕಂಡಿತು. ಇವನೂ ಸರಿಯಾಗಿ ಮಲಗಿ ಎಷ್ಟು ಕಾಲವಾಯಿತೋ.

"ಈ ವರ್ಷ ಇನ್ನೂ ಇದ್ಯೇನಯ್ಯ?"

"ಎಲೆ ಉದುರೋ ಕಾಲಕ್ಕೆ ಒಂದು."

"ಅದಾದ್ರೂ ಬರುತ್ತಾ?"

"ಗೊತ್ತಿಲ್ಲ ಸ್ವಾಮಿ."

ಜೊಶುನ್ ನಿಟ್ಟುಸಿರು ಬಿಟ್ಟ. ಓಮಿಯನ್ನು ಕರೆದು ಎರಡೂ ಕೈ ಚಾಚಿ ನಿಲುವಂಗಿ ಇಸಿದುಕೊಂಡ, ತಲೆಗೆ ಒತ್ತಿಕೊಂಡ. ಅವಳು ಖುಷಿಯಿಂದ ಒಳಗೆ ಹೋದಳು.

ತೊಕಿನಾರಿ ತೋಳು ಹಿಡಿದು ಅವನನ್ನು ಎಬ್ಬಿಸಿದ. ರೇಷ್ಮೆ ಭಾರವಿತ್ತು, ಅದನ್ನೂ ತಾನೇ ಹೊತ್ತ. ಇಬ್ಬರೂ ಹೆಬ್ಬಾಗಿಲಿಗೆ ಬಂದರು. ಅಲ್ಲಿ ಕಾವಲಿನವರು, ಸೂರ್ಯನನ್ನು ಉಳಿಸಿದವನೆಂದು, ನೆಲಕ್ಕೆ ಹಣೆ ಹಚ್ಚಿದರು. ಜೊಶುನ್ ಕೈಯೆತ್ತಿ ಹರಸಿ, ಕುಂಟುತ್ತ ಮಠದ ಕಡೆ ಹೊರಟ.