ಯಾರ ಹೆಸರಿಗೆ ಕೆಂಪು

ಐದೂವರೆಯ ಬಸ್ಸು ಮತ್ತೆ ತಪ್ಪಿತು. ಹೇಮಾವತಿ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿಗೆ ಓಡಿ ಬರುವಷ್ಟರಲ್ಲಿ ಅದರ ಹೊಗೆ ಮಾತ್ರ ಉಳಿದಿತ್ತು. ಆಮೇಲಿನದು ಎಕ್ಸ್‌ಪ್ರೆಸ್. ಅವಳ ಊರಿನ ಗೇಟಿನಲ್ಲಿ ಅದು ನಿಲ್ಲುವುದಿಲ್ಲ. ಕಂಡಕ್ಟರನನ್ನು ಗೋಗರೆದದ್ದಕ್ಕೆ, ಊರು ದಾಟಿ ಎಷ್ಟೋ ದೂರ ಹೋದ ಮೇಲೆ ರಸ್ತೆಯ ಉಬ್ಬು ಬಂದಲ್ಲಿ ಇಳಿಸಿದ. ಇಳಿಯುವಾಗ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಡಾಂಬರಿನ ಅಂಚಿನಲ್ಲಿ ಬರಿಗಾಲಲ್ಲಿ ವಾಪಸ್ಸು ನಡೆದಳು. ಮನೆ ಮುಟ್ಟುವ ಹೊತ್ತಿಗೆ ಮಗಳು ನಿಸರ್ಗ ಅನ್ನದ ತಟ್ಟೆಯ ಮುಂದೆಯೇ ಮಲಗಿಬಿಟ್ಟಿತ್ತು. ಅವ್ವ ತಿನ್ನಿಸಲಿ ಎಂದು ಹಟ ಹಿಡಿದಿತ್ತಂತೆ. ಅತ್ತೆ ಕಾಮಾಕ್ಷಮ್ಮ ಬಯ್ಯಲಿಲ್ಲ. ಕಾಲು ತೊಳೆಯಲು ಬಿಸಿನೀರು ಕೊಟ್ಟಳು.

ಬಸ್ಸು ತಪ್ಪಿಸಿದ್ದು ಕಂಪ್ಯೂಟರಿನ ಮೇಲೆ ಬಂದ ಒಂದು ಕೆಂಪು ಗೆರೆ.

ಹೇಮಾವತಿ ಹೊಳೆನರಸೀಪುರದಲ್ಲಿ ಬಿ.ಎಸ್ಸಿ. ಓದಿದವಳು. ಮದುವೆಯಾಗಿ, ಮಗುವಾಗಿ, ಓದಿದ್ದೆಲ್ಲ ಒಲೆಯ ಮುಂದೆ ಕೂತಿದ್ದಾಗ ತಿಮ್ಮಪ್ಪನ ಬೋರ್ಡು ಕಣ್ಣಿಗೆ ಬಿತ್ತು: ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕೆಲಸ, ಬೆಂಗಳೂರಿಗೆ ಹೋಗಬೇಕಿಲ್ಲ. ತಿಮ್ಮಪ್ಪ ತೆಂಗಿನಕಾಯಿ ಮಂಡಿಯ ಯಜಮಾನ. ಕೆಳಗೆ ಮಂಡಿ, ಮೇಲೆ ಕಂಪ್ಯೂಟರು. ಬೇಸಿಗೆಯಲ್ಲಿ ಕೊಬ್ಬರಿಯ ಜಿಡ್ಡು ವಾಸನೆ ಮೆಟ್ಟಿಲು ಹತ್ತಿ ಬಂದು ಕೀಲಿಮಣೆಗೇ ಮೆತ್ತಿಕೊಳ್ಳುತ್ತಿತ್ತು. ಅಲ್ಲಿ ಆರು ಜನ ಹೆಂಗಸರು ಕೂತು ಕೆಲಸ ಮಾಡುತ್ತಿದ್ದರು.

ಬೆಂಗಳೂರಿನ ಒಂದು ಕಂಪನಿ ಆಸ್ಪತ್ರೆಗಳಿಗೆ ಪ್ರೋಗ್ರಾಂ ಬರೆದು ಮಾರುತ್ತಿತ್ತು. ಯಾವ ರೋಗಿಗೆ ಯಾವ ಚೀಟಿ, ಯಾವ ಡಾಕ್ಟರ ಬಾಗಿಲು, ಎಲ್ಲವನ್ನೂ ಅದೇ ಹೇಳುವುದು. ಅದರ ರಿಪೇರಿಯನ್ನು ತಿಮ್ಮಪ್ಪ ಗುತ್ತಿಗೆ ಹಿಡಿದಿದ್ದ. ಪ್ರೋಗ್ರಾಂನಲ್ಲಿ ಒಂದು ಸಾಲು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ. ಆ ಸಾಲು ನೆಟ್ಟಗಿದೆಯೇ ಎಂದು ನೋಡುವ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೆಯಬೇಕು. ಅದಕ್ಕೆ ಟೆಸ್ಟ್ ಎನ್ನುತ್ತಿದ್ದರು. ಎರಡನ್ನೂ ಸೇರಿಸಿ ಬೆಂಗಳೂರಿಗೆ ಕಳಿಸಿದರೆ ಅಲ್ಲಿ ಮುರಳೀಕೃಷ್ಣ ಎಂಬ ಹಿರಿಯ ಇಂಜಿನಿಯರು ಓದಿ ಒಪ್ಪಿಗೆ ಕೊಡುತ್ತಿದ್ದ.

ಆತ ಓದುವುದಕ್ಕೂ ಮುಂಚೆ ಅಲ್ಲಿನ ಯಂತ್ರವೊಂದು ತಾನಾಗಿಯೇ ಟೆಸ್ಟುಗಳನ್ನೆಲ್ಲ ಓಡಿಸುತ್ತಿತ್ತು. ಹೊಸ ಸಾಲುಗಳಲ್ಲಿ ಎಷ್ಟರ ಮೇಲೆ ಟೆಸ್ಟ್ ಹಾದುಹೋಗಿದೆ, ಎಷ್ಟನ್ನು ಯಾರೂ ಮುಟ್ಟೇ ಇಲ್ಲ ಎಂದು ನೋಡಿ, ಬದಲಾವಣೆಯ ಕೆಳಗೆ ಬರೆದು, ಎಲ್ಲರಿಗೂ ಮೇಲ್ ಹಾಕುತ್ತಿತ್ತು. ಗುಡಿಸಿದ ಅಂಗಳದಲ್ಲಿ ಪೊರಕೆ ಎಲ್ಲಿ ಆಡಿದೆ, ಎಲ್ಲಿ ಆಡಿಲ್ಲ ಎಂದು ಅತ್ತೆಯರು ಬಾಗಿಲಲ್ಲಿ ನಿಂತೇ ಹೇಳುವುದಿಲ್ಲವೇ, ಹಾಗೆ. ನೂರಕ್ಕೆ ಎಂಬತ್ತು ಮುಟ್ಟಿದರೆ ಹಸಿರು ಗೆರೆ, ಇಲ್ಲದಿದ್ದರೆ ಕೆಂಪು. ಪಕ್ಕದಲ್ಲಿ ಕಳಿಸಿದವರ ಹೆಸರು.

ತಿಮ್ಮಪ್ಪನಿಗೆ ಆ ಮೇಲ್‌ನಲ್ಲಿದ್ದ ಇಂಗ್ಲಿಷು ಓದಲು ಬರುತ್ತಿರಲಿಲ್ಲ. ಬಣ್ಣ ಕಾಣುತ್ತಿತ್ತು. ಮಂಡಿಯ ಗಾದಿಯ ಪಕ್ಕದಲ್ಲೂ ಒಂದು ಕಂಪ್ಯೂಟರು ಇಟ್ಟುಕೊಂಡು, ಕೆಂಪು ಬಂದಾಗೆಲ್ಲ ಯಾರದೆಂದು ಕೇಳಿಸಿ, ಅವಳು ಅದನ್ನು ಹಸಿರು ಮಾಡುವ ತನಕ ಎದ್ದು ಹೋಗಬಾರದೆಂದು ಅಪ್ಪಣೆ ಮಾಡುತ್ತಿದ್ದ. ಒಂದು ತಿಂಗಳಲ್ಲಿ ಮೂರು ಕೆಂಪು ಬಂದವಳು ಕೆಲಸ ಬಿಟ್ಟು ಮನೆಗೆ ಹೋಗಬೇಕು. ಹೇಮಾವತಿಗೆ ಆ ತಿಂಗಳು ಆಗಲೇ ಎರಡು ಬಂದಿದ್ದವು. ಇನ್ನೊಂದು ಬಂದರೆ ಮತ್ತೆ ಒಲೆಯ ಮುಂದೆ. ಅವಳಿಗೆ ಆ ಕೆಲಸದ ಮೇಲೆ ಎಷ್ಟು ಆಸೆಯಿತ್ತೆಂದರೆ, ರೊಟ್ಟಿ ತಟ್ಟುವಾಗಲೂ ತಲೆಯೊಳಗೆ ಟೆಸ್ಟು ಬರೆಯುತ್ತಿದ್ದಳು.

ಮಜಾ ಏನೆಂದರೆ, ಅವಳು ಬರೆದ ಒಂದು ಸಾಲೂ ಟೆಸ್ಟಿಲ್ಲದೆ ಹೋಗುತ್ತಿರಲಿಲ್ಲ. ಕೆಂಪು ಬರುತ್ತಿದ್ದದ್ದು ಅಭಿಷೇಕನಿಂದ.

ಅಭಿಷೇಕ ತಿಮ್ಮಪ್ಪನ ಅಕ್ಕನ ಮಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ ಬಂದವನು, ಹೆಂಗಸರಿಗೆ ಟೀಮ್ ಲೀಡರು. ಕೆಟ್ಟ ಹುಡುಗನೇನಲ್ಲ. ಬರೆಯುವುದು ಬೇಗ, ಮಾತು ಸಿಹಿ. ಟೆಸ್ಟ್ ಬರೆಯುವುದು ಮಾತ್ರ ಪಾತ್ರೆ ತೊಳೆದಂತೆ, ಅದು ತನ್ನದಲ್ಲ ಎಂದುಕೊಂಡಿದ್ದ. ಸಂಜೆ ಐದಾಗುತ್ತಿದ್ದಂತೆ ಪೆನ್‌ಡ್ರೈವ್ ಹಿಡಿದುಕೊಂಡು ಯಾರಾದರೊಬ್ಬರ ಕುರ್ಚಿಯ ಹಿಂದೆ ಬಂದು ನಿಲ್ಲುತ್ತಿದ್ದ.

"ಅಕ್ಕ, ನಿಮ್ದು ಕಳ್ಸೋ ಜೊತೇಲಿ ಇದನ್ನೂ ಒಂದು ಸೇರಿಸ್ಬಿಡಿ."

ಸೇರಿಸುತ್ತಿದ್ದರು. ನಮ್ಮ ಕಡೆ ಬಸ್ಸಿನಲ್ಲಿ ಸೀಟು ಸಿಕ್ಕಿದವರು ನಿಂತವರ ಚೀಲ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಅಕ್ಕ ಎಂದು ಕರೆದ ಹುಡುಗನಿಗೆ ಆಗುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಅವನ ಉದ್ದುದ್ದ ಸಾಲುಗಳು ಇವರ ಲಾಗಿನ್ನಿನಲ್ಲಿ, ಇವರ ಹೆಸರಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದವು. ಯಂತ್ರಕ್ಕೆ ಅಕ್ಕ ತಮ್ಮ ಗೊತ್ತಿಲ್ಲವಲ್ಲ. ಇವರ ಹೆಸರ ಮುಂದೆ ಕೆಂಪು ಎಳೆಯುತ್ತಿತ್ತು. ಅಭಿಷೇಕ ಬೈಕು ಹತ್ತಿ ಹೋದ ಮೇಲೆ ಇವರು ಕೂತು ಅವನ ಸಾಲುಗಳಿಗೆ ಟೆಸ್ಟ್ ಬರೆಯುತ್ತಿದ್ದರು. ಬಸ್ಸು ಹೋಗುತ್ತಿತ್ತು.

ಭಾನುವಾರ ಹಿತ್ತಲಲ್ಲಿ ಅತ್ತೆ ಸೊಸೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಇನ್ನೊಂದು ಸಲ ಕೆಂಪು ಬಂದರೆ ಕೆಲಸ ಹೋಗುತ್ತದೆ ಎಂದು ಹೇಮಾವತಿ ಹೇಳಿಕೊಂಡಳು. ಯಾಕೆ ಬರುತ್ತದೆ ಎಂದು ಅತ್ತೆ ಕೇಳಿದಳು. ಸೊಸೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಕಾಮಾಕ್ಷಮ್ಮನಿಗೆ ಕಂಪ್ಯೂಟರು ಅರ್ಥವಾಗಲಿಲ್ಲ, ಡೈರಿ ಅರ್ಥವಾಯಿತು. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ದೇವಯ್ಯನಿಗೆ ಕಾಲು ಉಳುಕಿತ್ತೆಂದು ಅವನ ಹಾಲನ್ನೂ ತನ್ನ ಕ್ಯಾನಿಗೇ ಹುಯ್ದುಕೊಂಡು ಡೈರಿಗೆ ಹೋಗಿದ್ದಳು. ದೇವಯ್ಯನ ಹಾಲಿನಲ್ಲಿ ಬಾವಿಯೂ ಇತ್ತು. ಹಾಲಿನ ಗಟ್ಟಿತನ ಅಳೆಯುವ ಡಿಗ್ರಿ ಇಳಿಯಿತು. ಡೈರಿಯವನು ನಾಲ್ಕು ಜನರ ಮುಂದೆ ಕ್ಯಾನನ್ನು ಇವಳಿಗೇ ವಾಪಸ್ಸು ಕೊಟ್ಟಿದ್ದ.

"ಅಲ್ಲ ಕಣವ್ವ, ಅವನ ಹಾಲ ನಿನ್ ಕ್ಯಾನ್ನಾಗೆ ಯಾಕ್ ಉಯ್ಕಂಡೋಯ್ತೀಯ? ಅವನಿಗೊಂದು ಕ್ಯಾನಿಲ್ವ?"

ಹೇಮಾವತಿ ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸದೆ ಹಾಗೇ ಕೂತಳು. ಆಮೇಲೆ ನಗು ಬಂತು. ಎಷ್ಟು ನಗು ಬಂತೆಂದರೆ ಮಡಿಲಿನ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ನಿಸರ್ಗ ಯಾಕೆಂದು ಗೊತ್ತಿಲ್ಲದೆಯೇ ತಾನೂ ನಕ್ಕು ಕಾಳು ಹೆಕ್ಕತೊಡಗಿತು.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಕನಕಲಕ್ಷ್ಮಿ ಸಿಕ್ಕಿದಳು. ಹೊಳೆನರಸೀಪುರದ ದೇವಸ್ಥಾನದ ಬೀದಿಯವಳು, ಪಕ್ಕದ ಕಂಪ್ಯೂಟರಿನಲ್ಲಿ ಕೂರುವವಳು. ಕ್ಯಾನಿನ ಕಥೆ ಕೇಳಿ ಅವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಆರೂ ಜನಕ್ಕೆ ಸುದ್ದಿ ಮುಟ್ಟಿತ್ತು. ಅರಕಲಗೂಡಿನ ಇಂಚರ ಎಲ್ಲರಿಗಿಂತ ಚಿಕ್ಕವಳು, ನಗು ತಡೆಯಲಾಗದವಳು. ಅಭಿಷೇಕ ಒಳಗೆ ಬಂದಾಗೆಲ್ಲ ಅವಳು ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುತ್ತಿದ್ದಳು.

ಐದಾಯಿತು. ಅಭಿಷೇಕ ಹೇಮಾವತಿಯ ಕುರ್ಚಿಯ ಹಿಂದೆ ಬಂದು ನಿಂತ. ಅವಳು ಅವನ ಕಡೆ ತಿರುಗಿದಳು.

"ನಿಮ್ಮದನ್ನ ನೀವೇ ಕಳಿಸಿ ಅಭಿ. ನಂದು ಕಳಿಸಿಯಾಯ್ತು," ಅಂದಳು.

ಅವನು ತಮಾಷೆ ಎಂದುಕೊಂಡು ಕನಕಲಕ್ಷ್ಮಿಯ ಹತ್ತಿರ ಹೋದ. ಅವಳದೂ ಕಳಿಸಿಯಾಗಿತ್ತು. ಮುಂದಿನವಳದೂ. ಒಂದು ಸುತ್ತು ಬಂದು ಇಂಚರಳ ಮುಂದೆ ನಿಂತಾಗ ಅವಳು ಬಾಯಿ ಬಿಡಲಾರದೆ ತಲೆ ಮಾತ್ರ ಅಲ್ಲಾಡಿಸಿದಳು. ಕೊನೆಗೆ ಅಭಿಷೇಕ ತನ್ನ ಲಾಗಿನ್ನಿನಲ್ಲೇ ಕಳಿಸಲು ಕೂತ. ಪಾಸ್‌ವರ್ಡ್ ನೆನಪಿರಲಿಲ್ಲ. ಒಂದು ದಿನವೂ ಅದನ್ನು ಬಳಸಿದವನಲ್ಲ. ಬೆಂಗಳೂರಿಗೆ ಫೋನು ಮಾಡಿ ಹೊಸದು ತರಿಸಿಕೊಳ್ಳಬೇಕಾಯಿತು. ಅಂತೂ ಕಳಿಸಿದ.

ಯಾರೂ ಏಳಲಿಲ್ಲ. ಯಂತ್ರ ತನ್ನ ಪಾಡಿಗೆ ತಾನು ಟೆಸ್ಟ್ ಓಡಿಸುತ್ತಿತ್ತು. ಕೆಳಗೆ ಕಾಯಿ ಎಣಿಸುವವರ ರಾಗ ಕೇಳುತ್ತಿತ್ತು. ಆಮೇಲೆ ಎಲ್ಲ ಕಂಪ್ಯೂಟರುಗಳೂ ಒಂದೇ ಸಲ ಟಿಣ್ ಅಂದವು. ಅಭಿಷೇಕನ ಹೆಸರು, ಅದರ ಮುಂದೆ ಈ ತುದಿಯಿಂದ ಆ ತುದಿಗೆ ಕೆಂಪು. ಟೆಸ್ಟ್ ಮುಟ್ಟಿದ ಸಾಲುಗಳು: ಸೊನ್ನೆ.

ಇಂಚರಳ ನಗು ಕಟ್ಟೆ ಒಡೆಯಿತು. ಅವಳ ಹಿಂದೆ ಎಲ್ಲರದೂ. ಕನಕಲಕ್ಷ್ಮಿಗೆ ಬಿಕ್ಕಳಿಕೆ ಹತ್ತಿತು.

ಯಾರದು ಕೆಂಪು ಎಂದು ಕೇಳುತ್ತ ತಿಮ್ಮಪ್ಪ ಮೆಟ್ಟಿಲು ಹತ್ತಿ ಬಂದ. ಯಾರದೆಂದು ತಿಳಿದ ಮೇಲೆ ಕೆಂಪು ಅವನ ಮುಖಕ್ಕೇ ಬಂತು. ಆ ಮೇಲ್ ನಿಲ್ಲಿಸಿ ಅಂದ. ಅದು ಬೆಂಗಳೂರಿನಲ್ಲಿದೆ, ತಾನಾಗಿಯೇ ಹೋಗುತ್ತದೆ, ಯಾರು ಹೇಳಿದರೂ ನಿಲ್ಲುವುದಿಲ್ಲ ಎಂದು ಕನಕಲಕ್ಷ್ಮಿ ಬಿಕ್ಕಳಿಕೆಯ ನಡುವೆ ತಿಳಿಸಿದಳು. ತಿಮ್ಮಪ್ಪ ಹೇಮಾವತಿಯ ಕಡೆ ತಿರುಗಿದ.

"ಅದ ವಾಪಸ್ ತಗಂಡು ನಿನ್ ಹೆಸರ್ನಾಗೆ ಆಕು."

"ಆಗಾಕಿಲ್ಲ ಸಾ."

"ಯಾಕಾಗಾಕಿಲ್ಲ? ಇಷ್ಟ್ ದಿನ ಆಯ್ತಿತ್ತಲ್ಲ?"

"ಇಷ್ಟ್ ದಿನ ಅವ್ರ ಚೀಲ ನಾನು ಒತ್ಕಂಡಿದ್ದೆ ಸಾ. ಈಗ ಕೈ ನೋಯ್ತದೆ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕನಕಲಕ್ಷ್ಮಿ ಎತ್ತಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದಳು. ಬೆಂಗಳೂರಿನಿಂದ ಮುರಳೀಕೃಷ್ಣ. ಸಾಧು ಮನುಷ್ಯ, ಮೆಲ್ಲಗೆ ಮಾತಾಡುವವನು.

"ಹೊಸಬರನ್ನ ತಗೊಂಡಿದ್ದೀರ ಅಂತ ಹೇಳ್ಲೇ ಇಲ್ಲವಲ್ಲ? ಅಭಿಷೇಕ್ ಅಂತ ಯಾರೋ. ಪಾಪ, ಟೆಸ್ಟ್ ಬರೆಯೋದೇ ಗೊತ್ತಿಲ್ಲ ಅನ್ಸುತ್ತೆ. ಸ್ವಲ್ಪ ದಿನ ಹೇಮಾವತಿಯವರ ಪಕ್ಕ ಕೂರಿಸಿ."

ಟೀಮ್ ಲೀಡರು ಕಿಟಕಿಯಿಂದಾಚೆ ನೋಡುತ್ತ ನಿಂತ. ತಿಮ್ಮಪ್ಪ ಫೋನನ್ನು ತಾನೇ ಕುಕ್ಕಿದ. ನಾಳೆಯಿಂದ ಹೇಮಾವತಿ ಬರುವುದು ಬೇಡ ಅಂದ. ಯಾಕೆ, ಅವಳಿಗೆ ಇವತ್ತು ಹಸಿರು ಬಂದಿದೆಯಲ್ಲ ಎಂದು ಯಾರೋ ಕೇಳಿದರು. ಅವನು ಮೆಟ್ಟಿಲಿಳಿದು ಹೋದ. ಕೆಂಪು ಬಂದ ಅಭಿಷೇಕನನ್ನು ಹಸಿರಾಗುವ ತನಕ ಕೂತಿರು ಎಂದು ಅವನು ಹೇಳಲಿಲ್ಲ.

ಆರೂ ಜನ ಒಟ್ಟಿಗೆ ಮೆಟ್ಟಿಲಿಳಿದರು. ಅವತ್ತು ಐದೂವರೆಯ ಬಸ್ಸೇ ತಡವಾಗಿ ಬಂದು ಇವರಿಗೆ ಸಿಕ್ಕಿತು. ಕೆಲಸ ಕಳೆದುಕೊಂಡವಳು ದಾರಿಯುದ್ದಕ್ಕೂ ನಗುತ್ತಿದ್ದಳು. ಈ ಹೆಂಗಸರಿಗೆ ಏನಾಗಿದೆ ಎಂದು ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಊರಿನ ಗೇಟು ಹತ್ತಿರ ಬಂದಾಗ ಮಾತ್ರ ಅವಳ ನಗು ನಿಂತಿತು. ನಾಳೆ ಈ ಹೊತ್ತಿಗೆ ತಾನು ಎಲ್ಲಿರುತ್ತೇನೆ ಎಂದು ಅವಳ ಕಣ್ಣು ತುಂಬಿತು. ಕನಕಲಕ್ಷ್ಮಿ ಅವಳ ರಟ್ಟೆ ಹಿಡಿದುಕೊಂಡಳು.

"ನಾಳೆ ದಿನಾ ಬರೋ ಬಸ್ಸಿಗೇ ಬನ್ನಿ. ಬರದಿದ್ರೆ ನಾವು ಐದೂ ಜನ ನಿಮ್ಮ ಮನೆಗೇ ಬರ್ತೀವಿ. ನಿಮ್ಮತ್ತೆ ಅಷ್ಟೂ ಜನಕ್ಕೆ ಅಡುಗೆ ಮಾಡ್ಬೇಕಾಗುತ್ತೆ."

ಬಂದಳು. ಅವಳ ಮೇಜಿನ ಮೇಲೆ ಕಂಪ್ಯೂಟರು ಇರಲಿಲ್ಲ. ತಿಮ್ಮಪ್ಪ ರಾತ್ರೋರಾತ್ರಿ ಇಳಿಸಿ ಮಂಡಿಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟಿದ್ದ. ಕುರ್ಚಿ ಮಾತ್ರ ಉಳಿದಿತ್ತು. ಅದರ ಕಾಲಿಗೆ ಗಾಲಿಗಳಿದ್ದವು. ಹೇಮಾವತಿ ಖಾಲಿ ಮೇಜಿನ ಮುಂದೆ ಕೂತಳು. ಕನಕಲಕ್ಷ್ಮಿ ಎದ್ದು ಬಂದು, ಕುರ್ಚಿಯ ಬೆನ್ನು ಹಿಡಿದು, ಅವಳನ್ನು ಕೂತ ಹಾಗೆಯೇ ತನ್ನ ಕಂಪ್ಯೂಟರಿನ ಮುಂದಕ್ಕೆ ತಳ್ಳಿಕೊಂಡು ಹೋದಳು.

ಇಬ್ಬರೂ ಸೇರಿ ಒಂದು ಬದಲಾವಣೆ ಬರೆದರು, ಅದಕ್ಕೆ ಟೆಸ್ಟು ಬರೆದರು. ಬದಲಾವಣೆಯ ಜೊತೆ ಎರಡು ಮಾತು ಬರೆಯಲು ಜಾಗವಿರುತ್ತದೆ. ಅಲ್ಲಿ ಬರೆದರು: ಬರೆದವರು ಕನಕಲಕ್ಷ್ಮಿ, ಹೇಮಾವತಿ. ಕಳಿಸಿದರು. ಯಂತ್ರ ಹಸಿರು ಗೆರೆ ಎಳೆದು ಎರಡು ಹೆಸರನ್ನೂ ಎಲ್ಲರಿಗೂ ಮುಟ್ಟಿಸಿತು. ಅಷ್ಟರಲ್ಲಿ ಇನ್ನೊಬ್ಬಳು ಬಂದು ಕುರ್ಚಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸುಳ್ಳು ಬರೆಯಬಾರದಲ್ಲ, ಅದಕ್ಕೆ ಪ್ರತಿಯೊಬ್ಬರ ಹತ್ತಿರವೂ ಹೇಮಾವತಿ ನಿಜವಾಗಿಯೇ ಕೂತು ಬರೆದಳು. ಇಂಚರ ಕುರ್ಚಿಯನ್ನು ಬಸ್ಸಿನ ಹಾಗೆ ಹಾರ್ನ್ ಮಾಡುತ್ತ ತಳ್ಳಿದಳು, ಗೋಡೆಗೆ ಗುದ್ದಿಸಿದಳು. ದಿನವಿಡೀ ಟಿಣ್ ಟಿಣ್ ಎಂದು ಹಸಿರು ಬಂದವು. ಎಲ್ಲದರಲ್ಲೂ ಹೇಮಾವತಿ. ಕೆಳಗೆ ಗಾದಿಯ ಪಕ್ಕದ ಕಂಪ್ಯೂಟರಿಗೂ ಅವು ಹೋಗುತ್ತಿದ್ದವು. ತಿಮ್ಮಪ್ಪನಿಗೆ ಇಂಗ್ಲಿಷು ಬಾರದಿದ್ದರೂ ಆ ಹೆಸರು ಯಾರದೆಂದು ಅಷ್ಟು ಹೊತ್ತಿಗೆ ಮಂಡಿಯ ಹಮಾಲರಿಗೂ ಗೊತ್ತಾಗಿತ್ತು. ಕಾಯಿ ಎಣಿಸುವುದು ಬಿಟ್ಟು ಅವರು ಟಿಣ್ ಅಂದಾಗೆಲ್ಲ ಮೇಲಕ್ಕೆ ನೋಡಿ ನಗುತ್ತಿದ್ದರು.

ಸಂಜೆ ಐದಕ್ಕೆ ಅಭಿಷೇಕ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಪೆನ್‌ಡ್ರೈವ್ ಇರಲಿಲ್ಲ. ಮಾವ ಕಳಿಸಿದ್ದಾರೆ, ಆ ಹೆಸರು ಬರೆಯುವುದನ್ನು ನಿಲ್ಲಿಸಬೇಕಂತೆ ಅಂದ. ಅವನ ದನಿಯಲ್ಲಿ ಜೋರಿರಲಿಲ್ಲ. ಬರೆದವರ ಹೆಸರು ಬರೆಯದೆ ಬೇರೆ ಯಾರ ಹೆಸರು ಬರೆಯಬೇಕು ಎಂದು ಕನಕಲಕ್ಷ್ಮಿ ಕೇಳಿದಳು. ಅವನು ಕೆಳಗೂ ಹೋಗಲಿಲ್ಲ, ಒಳಗೂ ಬರಲಿಲ್ಲ. ತನ್ನ ಕೆಂಪು ಇನ್ನೂ ಹಾಗೇ ಇದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದು ಕೊನೆಗೆ ನೆಲ ನೋಡುತ್ತ ಹೇಳಿದ.

ಹೇಮಾವತಿ ಅರ್ಧ ಬರೆದ ಟೆಸ್ಟಿನಿಂದ ಕಣ್ಣೆತ್ತಲಿಲ್ಲ. ಕುರ್ಚಿಯನ್ನು ಕಾಲಿನಿಂದಲೇ ಚೂರು ಪಕ್ಕಕ್ಕೆ ಸರಿಸಿಕೊಂಡಳು.

"ಬಾ ಅಭಿ. ಕುರ್ಚಿ ಇಲ್ಲ, ನಿಂತ್ಕಂಡೇ ಕಲಿ. ನಮ್ ಬಸ್ಸಿಗೆ ಇನ್ನೂ ಹೊತ್ತದೆ."