ಗೋಲ್‌ಕೀಪರ್ ತಡೆದರು

ಜೂನಿಯರ್ ಹಾಕಿ ಪಂದ್ಯಗಳಿಗೆ ಇಪ್ಪತ್ತೆರಡು ವರ್ಷ ಕಾಮೆಂಟರಿ ಹೇಳಿದ ಮನುಷ್ಯನನ್ನು ಊರೆಲ್ಲ ರೇಡಿಯೋ ಎಂದೇ ಕರೆಯುತ್ತಿತ್ತು. ಮನೆಯಲ್ಲಿ ಮಾತ್ರ ಅವರಿಗೆ ಮಾತಾಡುವ ಸರದಿ ಸಿಗುತ್ತಿರಲಿಲ್ಲ. ಮಗಳು ಅದೇ ತಂಡಕ್ಕೆ ಗೋಲ್‌ಕೀಪರ್ ಆಗಿ ಬಂದಾಗ, ಇನ್ನು ಕೇಳಬೇಕೆ, ಅಪ್ಪನ ಬಾಯಲ್ಲಿ ಬರೀ ಮಗಳ ಗುಣಗಾನ ಎಂದು ಗ್ಯಾಲರಿಯಲ್ಲಿ ಯಾರೋ ಗೊಣಗಿದರು. ಅಷ್ಟೇ ಸಾಕಾಯಿತು. ಮೈಕಿನ ಮುಂದೆ ಮಗಳ ಹೆಸರೆತ್ತುವುದಿಲ್ಲ ಎಂದು ರೇಡಿಯೋ ಪಣ ತೊಟ್ಟರು. ಮೂರು ವರ್ಷ ಅವಳು ಏನೇ ತಡೆದರೂ "ಗೋಲ್‌ಕೀಪರ್ ತಡೆದರು" ಎಂದಷ್ಟೇ ಹೇಳಿದರು. ಬಹುವಚನ ಬೇರೆ. ನ್ಯಾಯ ಅಂದರೆ ಇದಪ್ಪಾ ಎಂದು ಜನ ಬೆನ್ನು ತಟ್ಟಿದರು, ಮಹಾಶಯರು ಉಬ್ಬಿಹೋದರು.

ಈ ವರ್ಷ ಎರಡು ಬದಲಾವಣೆ ಒಟ್ಟಿಗೇ ಬಂದವು. ಜೂನಿಯರ್ ಕ್ಲಬ್ಬಿನಲ್ಲಿ ಆಡಿದವರನ್ನು ಕಾಲೇಜು ತಂಡಗಳು ಸೇರಿಸಿಕೊಳ್ಳಬಾರದೆಂಬ ಹಳೆಯ ನಿಯಮ ಬಿದ್ದುಹೋಯಿತು. ಪಂದ್ಯದ ಪ್ರಸಾರ ಫೋನಿನ ಆ್ಯಪ್‌ಗೆ ಹೋಯಿತು. ಅಲ್ಲಿನ ಯಂತ್ರ, ಕ್ಲಬ್ಬಿನ ಹಳೆಯ ವಿಡಿಯೋಗಳನ್ನೂ ಸೇರಿಸಿ, ಕಾಮೆಂಟರಿಯಲ್ಲಿ ಯಾರ ಹೆಸರು ಕೇಳಿಸುತ್ತದೋ ಅವರ ತುಣುಕು ಕತ್ತರಿಸಿ ಅವರವರ ಪುಟಕ್ಕೆ ಹಾಕುತ್ತದೆ. ಕಾಲೇಜಿನ ಕೋಚ್‌ಗಳು ಈಗ ಮೈದಾನಕ್ಕೆ ಬಂದು ಬಿಸಿಲು ಕಾಯುವುದಿಲ್ಲ. ಕುರ್ಚಿಯಲ್ಲಿ ಕೂತು ತುಣುಕು ನೋಡುತ್ತಾರೆ.

ಗುರುವಾರ ಮಗಳು ಊಟದ ಮೇಜಿನ ಮೇಲೆ ಫೋನ್ ಇಟ್ಟಳು. ಸೆಂಟರ್ ಫಾರ್ವರ್ಡ್ ಹುಡುಗಿಗೆ ಇನ್ನೂರ ಹದಿನಾಲ್ಕು ತುಣುಕು. ಬೆಂಚು ಬಿಟ್ಟು ಎದ್ದೇ ಇರದ ಮೀಸಲು ಗೋಲ್‌ಕೀಪರಿಗೂ ಆರು, ಅದರಲ್ಲಿ ಎರಡರಲ್ಲಿ ಅವಳು ನೀರು ಕುಡಿಯುತ್ತಿದ್ದಾಳೆ. ಮಗಳ ಪುಟದಲ್ಲಿ ಸೊನ್ನೆ.

"ಅಪ್ಪಾ, ಮೂರು ವರ್ಷ ನಾನು ಆಡಿದ್ದೀನಾ, ಇಲ್ವಾ?"

ರೇಡಿಯೋ ತೆರೆದ ಬಾಯಿಗೆ ಒಂದು ತುತ್ತು ತುರುಕಿಕೊಂಡರು. ಹಲ್ಲಿನ ಡಾಕ್ಟರ ಬಳಿ ನರ್ಸ್ ಆಗಿದ್ದ ಹೆಂಡತಿಗೆ ಬಾಯಿ ತೆರೆಸುವುದೇ ಕಸುಬು, ಇವರದನ್ನು ಮಾತ್ರ ಮುಚ್ಚಿಸಿಯೇ ಅಭ್ಯಾಸ. ತಟ್ಟೆ ಎತ್ತುತ್ತಾ, "ಊರಿಗೆಲ್ಲ ನ್ಯಾಯ ಹಂಚೋಕೆ ಹೋಗಿ, ಮನೆ ಮಗೂಗೆ ಕೊಡೋದೇ ಮರೆತ್ರಿ" ಎಂದರು.

ಕಾಲೇಜಿನ ಆಯ್ಕೆ ಪಟ್ಟಿ ಸೋಮವಾರ ಮುಗಿಯುತ್ತದೆ. ಉಳಿದದ್ದು ಭಾನುವಾರದ ಒಂದೇ ಪಂದ್ಯ. ಎರಡು ದಿನ ರೇಡಿಯೋ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಮಗಳ ಹೆಸರು ಹೇಳಿ ಅಭ್ಯಾಸ ಮಾಡಿದರು. ಆ ಹೆಸರಿಟ್ಟವರೂ ಅವರೇ.

ಭಾನುವಾರ ಮೊದಲರ್ಧದಲ್ಲಿ ಚೆಂಡು ಅವಳ ಕಡೆ ತಲೆಹಾಕಲೇ ಇಲ್ಲ. ಸುಮ್ಮನೆ ನಿಂತವಳ ಹೆಸರು ಹೇಳಲು ಇವರ ನ್ಯಾಯ ಒಪ್ಪಲಿಲ್ಲ. ದ್ವಿತೀಯಾರ್ಧದಲ್ಲಿ ಗೋಲಾಗಲೇಬೇಕಿದ್ದ ಮೂರು ಹೊಡೆತಗಳನ್ನು ಅವಳು ತಡೆದಳು. ಮೂರು ಸಲವೂ ಇವರು ಬಾಯಿ ತೆರೆದರು, ಮೂರು ಸಲವೂ ಬಂದದ್ದು "ಗೋಲ್‌ಕೀಪರ್ ತಡೆದರು." ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟಿದ್ದೂ ಅಲ್ಲ, ತಾವೇ ಸಾಕಿಕೊಂಡದ್ದು.

ಕೊನೆಯ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ ಸ್ಟ್ರೋಕ್. ಮಗಳು ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಯಿತು. ಆಗ ಬಂತು ನೋಡಿ ಹೆಸರು, ಅಪ್ಪನ ಹೆಸರನ್ನೂ ಸೇರಿಸಿಕೊಂಡು, ಅಕ್ಷರ ಅಕ್ಷರವಾಗಿ. ಅದರ ಬೆನ್ನಿಗೇ, "ಅವಸರಪಟ್ಟರು. ತಪ್ಪು ಪೂರ್ತಿ ಇವರದೇ." ಬೇರೆ ಮಕ್ಕಳ ತಪ್ಪಿಗೆಲ್ಲ ದುರದೃಷ್ಟ ಎನ್ನುತ್ತಿದ್ದ ಬಾಯಿ ಅದು. ಬೈಯುವುದಕ್ಕೆ ಪಕ್ಷಪಾತದ ಭಯವಿಲ್ಲವಲ್ಲ.

ಸಂಜೆಯೊಳಗೆ ಮಗಳ ಪುಟದಲ್ಲಿ ಒಂದು ತುಣುಕು ಬಂತು. ಹತ್ತೊಂಬತ್ತು ಸೆಕೆಂಡ್. ಅವಳು ನೋಡಿದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ರೇಡಿಯೋ ಹೊರಗೆ ನಿಂತರು. ಇಷ್ಟು ದಿನ ಮಾಡಿದ್ದು ನ್ಯಾಯವಲ್ಲ, ಜನರ ಬಾಯಿಗೆ ಹೆದರಿದ್ದು ಎಂದು ಆಗ ಅವರಿಗೆ ಗೊತ್ತಾಯಿತು, ಬಹಳ ನಾಚಿಕೆಯಾಯಿತು.

ಸೋಮವಾರ ಮಧ್ಯಾಹ್ನ ಕಾಲೇಜಿನ ಕೋಚ್ ಫೋನ್ ಮಾಡಿದರು. ಮಗಳು ಸ್ಪೀಕರ್ ಹಾಕಿದಳು. ಸಾವಿರಾರು ತುಣುಕುಗಳಲ್ಲಿ ಹೊಗಳಿಕೆ ಕೇಳಿ ಕೇಳಿ ಆಕೆಯ ಕಿವಿ ತೂತು ಬಿದ್ದಿತ್ತಂತೆ. ಒಬ್ಬಳನ್ನು ಮಾತ್ರ ಬೈದದ್ದು ಸಿಕ್ಕಿ, ಇದೇನಪ್ಪ ಎಂದು ಪಂದ್ಯ ಪೂರ್ತಿ ನೋಡಿದರಂತೆ. ಆ ಮೂರನ್ನು ತಡೆದವಳು ನೀನೇ ತಾನೇ ಎಂದು ಕೇಳಿ, ಪಟ್ಟಿಯಲ್ಲಿ ಹೆಸರು ಸೇರಿಸಿದ್ದೇನೆ ಎಂದರು. ಆಮೇಲೆ ದನಿ ತಗ್ಗಿಸಿದರು.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಆ ಕಾಮೆಂಟರಿ ಹೇಳೋರಿಗೆ ನಿನ್ನ ಮೇಲೆ ಯಾಕಮ್ಮ ಅಷ್ಟು ದ್ವೇಷ?"

ಮಗಳು ಅಪ್ಪನ ಕಡೆ ನೋಡಿದಳು.

"ದ್ವೇಷ ಏನಿಲ್ಲ ಮೇಡಂ. ಅವರು ನಮ್ಮಪ್ಪ."

ರೇಡಿಯೋ ಎದ್ದುಹೋಗಿ ಬಚ್ಚಲಿನ ನಲ್ಲಿ ಬಿಟ್ಟರು. ಈ ಸಲ ಅಭ್ಯಾಸಕ್ಕಲ್ಲ, ಅಳುವುದಕ್ಕೆ.